ಕಾಫಿ ಗಿಡ ಮುರಿಯದಂತೆ ನೆರಳು ಮರದ ದಪ್ಪ ಕೊಂಬೆ ಇಳಿಸುವುದು ಹೇಗೆ?

ಹಗ್ಗ ಕಟ್ಟಿಯೇ ಇಳಿಸಬೇಕು, ಆದರೆ ಕೈಬಲ ನಂಬಿಕೊಂಡಲ್ಲ. ಮೂಡಿಗೆರೆ, ಸಕಲೇಶಪುರದ ತೋಟಗಳಲ್ಲಿ ನಾಲ್ಕು ಜನ ಸುಮ್ನೆ ಹಗ್ಗ ಹಿಡಿದು ನಿಲ್ಲುವುದುಂಟು. ಕೊಂಬೆ ಜಾರಿದರೆ ಅಂಗೈ ಚರ್ಮವೇ ಕಿತ್ತು ಹೋಗುತ್ತದೆ.

ಭಾರ ತಡೆಯಬೇಕಾದದ್ದು ಘರ್ಷಣೆ. ಹಗ್ಗವನ್ನು ಮೇಲಿನ ರಾಟೆ ಮೂಲಕ ಕೆಳಗೆ ತಂದು, ಮರದ ಬುಡಕ್ಕೆ ಬಿಗಿದ ಪೋರ್ಟಾರ್ಯಾಪ್‌ನಂಥ ಲೋಹದ ಕೊಳವೆಗೆ ಸುತ್ತಿ. ಒಂದೊಂದು ಸುತ್ತಿಗೂ ಹಿಡಿತ ಕೂಡುವುದಿಲ್ಲ, ಗುಣಿಸುತ್ತದೆ! ಘರ್ಷಣೆ ಗುಣಾಂಕ (ಹಗ್ಗ ಲೋಹಕ್ಕೆ ಎಷ್ಟು ಉಜ್ಜಿ ಹಿಡಿಯುತ್ತದೆ ಅನ್ನುವ ಅಳತೆ) 0.25 ಅಂದುಕೊಂಡರೆ ಒಂದು ಸುತ್ತಿಗೆ ಸುಮಾರು 5 ಪಟ್ಟು, ಎರಡಕ್ಕೆ 23 ಪಟ್ಟು. ಅಂದರೆ ತೂಗುತ್ತಿರುವ 200 ಕೆಜಿ ಕೊಂಬೆಯನ್ನು 9 ಕೆಜಿಯಷ್ಟು ಎಳೆತದಲ್ಲಿ ಹಿಡಿಯಬಹುದು. ಹಗ್ಗ ಯಾವುದು, ಅದು ಒದ್ದೆಯಾಗಿದೆಯೇ ಅನ್ನುವುದರ ಮೇಲೆ ಇದು ಬದಲಾಗುತ್ತದೆ.

ಎಷ್ಟು ಸುತ್ತು ಅನ್ನುವುದು ಕೊಯ್ಯುವ ಮೊದಲೇ ತೀರ್ಮಾನವಾಗಬೇಕು. ಕೊಂಬೆ ಬಿದ್ದಾಗ ಗಕ್ಕನೆ ತಡೆಯಬೇಡಿ, ಹಗ್ಗ ಸ್ವಲ್ಪ ಓಡಲಿ, ಆಮೇಲೆ ನಿಧಾನಿಸಿ. ರಾಟೆ ಕಟ್ಟಿದ ಜಾಗಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು ಭಾರ ಬೀಳುತ್ತದೆ. ಸಿಲ್ವರ್ ಓಕ್ ಕೊಂಬೆ ಬೇಗ ಮುರಿಯುವ ಜಾತಿ, ಅಲ್ವಾ? ಹಾಗಾಗಿ ರಾಟೆಯನ್ನು ಕಾಂಡಕ್ಕೇ ಕಟ್ಟಿಸಿ.

ಗ್ಲೌಸ್ ಇರಲಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಕೊಂಬೆಯ ಕೆಳಗೆ ಯಾರೂ ನಿಲ್ಲಬಾರದು.