ಮಾರ್ಚ್ ಒಂದಕ್ಕೆ ಇಳಿಯುವ ಬ್ಯಾನರು

ಶಿವಮೊಗ್ಗದ ಓದುಗರೊಬ್ಬರ ಪತ್ರ: "ಫೆಬ್ರವರಿ ಸಂಚಿಕೆಯಲ್ಲಿ ಅಮೆರಿಕದ ಕಪ್ಪುಜನರ ಇತಿಹಾಸ ಮಾಸದ ಬಗ್ಗೆ ನಾಲ್ಕು ಪುಟ ಬರೆದಿದ್ದೀರಿ. ನನ್ನ ಮಗಳು ಅಲ್ಲೇ ಎಂ.ಎಸ್. ಓದುತ್ತಿದ್ದಾಳೆ. ಫೆಬ್ರವರಿಯಲ್ಲಿ ಕಟ್ಟಿದ ಬ್ಯಾನರನ್ನು ಮಾರ್ಚ್ ಒಂದಕ್ಕೆ ಇಳಿಸಿಬಿಡುತ್ತಾರಂತೆ. ನಮ್ಮ ನವೆಂಬರ್ ಕನ್ನಡದ ಥರವೇ ಅಲ್ಲವೇ ಇದೂ? ಅದಕ್ಕೆ ನಮ್ಮ ಪತ್ರಿಕೆಯಲ್ಲಿ ಜಾಗ ಯಾಕೆ?"

ಮಾನ್ಯರೇ,

ನಿಮ್ಮ ಮಗಳು ಹೇಳಿದ್ದನ್ನು ನಂಬುತ್ತೇನೆ. ನಮ್ಮನ್ನು ನಾವೇ 'ನವೆಂಬರ್ ಕನ್ನಡಿಗರು' ಎಂದು ಆಡಿಕೊಳ್ಳುವವರಿಗೆ ಬ್ಯಾನರಿನ ಆಯುಸ್ಸು ಗೊತ್ತಿಲ್ಲದ್ದೇನಲ್ಲ. ಆದರೆ ಈ ಆಚರಣೆ ಹುಟ್ಟುಹಾಕಿದವರ ಆಸೆ ಅದಾಗಿರಲಿಲ್ಲ. ಅದನ್ನು ಬರೆಯದೆ ಬಿಟ್ಟದ್ದು ನಮ್ಮ ಲೇಖನದ ತಪ್ಪು.

ಇದನ್ನು ಹುಟ್ಟುಹಾಕಿದ ಇತಿಹಾಸಕಾರ ಕಾರ್ಟರ್ ಜಿ. ವುಡ್ಸನ್ 1875ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದರು. ಅಪ್ಪ ಅಮ್ಮ ಇಬ್ಬರೂ ಗುಲಾಮರಾಗಿದ್ದವರು. ಕಲ್ಲಿದ್ದಲು ಗಣಿಯಲ್ಲಿ ದುಡಿದು, ಇಪ್ಪತ್ತರ ಪ್ರಾಯದಲ್ಲಿ ಹೈಸ್ಕೂಲು ಸೇರಿದರು. ಕೆಂಟಕಿಯ ಬಿರಿಯಾ ಕಾಲೇಜಿನಲ್ಲಿ ಆಗ ಕಪ್ಪು ಬಿಳಿ ಎನ್ನದೆ ಎಲ್ಲರೂ ಒಟ್ಟಿಗೆ ಓದುತ್ತಿದ್ದರು. 1903ರಲ್ಲಿ ಅಲ್ಲಿ ಪದವಿ ಪಡೆದರು. ಮರುವರ್ಷವೇ ಕೆಂಟಕಿಯಲ್ಲಿ ಹಾಗೆ ಒಟ್ಟಿಗೆ ಕೂರಿಸಿ ಕಲಿಸುವುದನ್ನು ನಿಷೇಧಿಸುವ ಕಾನೂನು ಬಂತು. 1908ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ವುಡ್ಸನ್ ಕೂದಲೆಳೆಯಲ್ಲಿ ಪಾರಾಗಿದ್ದರು. 1912ರಲ್ಲಿ ಹಾರ್ವರ್ಡಿನ ಡಾಕ್ಟರೇಟ್ ಪಡೆದರು. ಅವರಿಗೆ ಮೊದಲು ಅದನ್ನು ಪಡೆದ ಕಪ್ಪುಜನಾಂಗದವರು ಸಮಾಜಶಾಸ್ತ್ರಜ್ಞ ಡು ಬಾಯ್ಸ್ ಒಬ್ಬರೇ.

1915ರಲ್ಲಿ ಕಪ್ಪುಜನರ ಇತಿಹಾಸದ ಅಧ್ಯಯನಕ್ಕೊಂದು ಸಂಘ ಕಟ್ಟಿದರು, ಮರುವರ್ಷ ಸಂಶೋಧನಾ ಪತ್ರಿಕೆ ತಂದರು. ಇಷ್ಟೆಲ್ಲ ಉತ್ತು ಬಿತ್ತಿದ ಮೇಲೆ, 1926ರಲ್ಲಿ, ಲಿಂಕನ್ ಮತ್ತು ಗುಲಾಮಗಿರಿಯ ವಿರುದ್ಧ ಹೋರಾಡಿದ ಕಪ್ಪು ನಾಯಕ ಫ್ರೆಡರಿಕ್ ಡಗ್ಲಾಸ್ ಇವರ ಜನ್ಮದಿನಗಳು ಬರುವ ಫೆಬ್ರವರಿಯ ವಾರವನ್ನು ಆರಿಸಿಕೊಂಡರು. ವರ್ಷವಿಡೀ ಕಲಿತದ್ದನ್ನು ಮಕ್ಕಳು ಆ ವಾರ ಊರ ಮುಂದೆ ಇಡಬೇಕು ಎಂಬುದು ಅವರ ಲೆಕ್ಕ. ಅದು ಸುಗ್ಗಿ. ಬಿತ್ತದೆ ಸುಗ್ಗಿ ಮಾಡಹೊರಟವರು ಆಮೇಲೆ ಬಂದರು.

ವಾರವನ್ನು ತಿಂಗಳಾಗಿಸಿದ್ದು ಓಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು, 1970ರಲ್ಲಿ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನ ಮುಷ್ಕರ. 1968ರ ನವೆಂಬರಿನಲ್ಲಿ ತರಗತಿ ಬಿಟ್ಟು ಹೊರಬಂದ ವಿದ್ಯಾರ್ಥಿಗಳು ಐದು ತಿಂಗಳ ಹತ್ತಿರ ಪಟ್ಟು ಬಿಡಲಿಲ್ಲ. ಅವರು ಕೇಳಿದ್ದು ಕಪ್ಪುಜನರ ಅಧ್ಯಯನಕ್ಕೊಂದು ವಿಭಾಗ, ಪಾಠ ಹೇಳಲು ಮೇಷ್ಟರು, ಹೆಚ್ಚು ಸೀಟು. ಸಂಬಳದ ಮೇಷ್ಟರನ್ನು ಬ್ಯಾನರಿನಂತೆ ಸುತ್ತಿ ಅಟ್ಟಕ್ಕೆ ಹಾಕಲಾಗುವುದಿಲ್ಲ ನೋಡಿ!

ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕಥೆ ಇನ್ನೂ ಕಠೋರ. ಅದನ್ನು ನಡೆಸುತ್ತಿದ್ದ ಜೆಸ್ಯೂಟ್ ಪಾದ್ರಿಗಳು 1838ರಲ್ಲಿ 272 ಗುಲಾಮರನ್ನು ಲೂಸಿಯಾನಕ್ಕೆ ಮಾರಿದರು. ಆ ಹಣದಲ್ಲಿ ಒಂದು ಪಾಲು ಕಾಲೇಜಿನ ಸಾಲಕ್ಕೆ ಹೋಯಿತು. ಮಾರಾಟ ಕುದುರಿಸಿದ ಪಾದ್ರಿಯ ಹೆಸರು ಒಂದು ಕಟ್ಟಡಕ್ಕಿತ್ತು. 2017ರಲ್ಲಿ ಅದಕ್ಕೆ ಐಸಾಕ್ ಹಾಕಿನ್ಸ್ ಎಂದು ಹೆಸರಿಟ್ಟರು. ಮಾರಾಟದ ಪತ್ರದಲ್ಲಿ ಮೊದಲು ಬರೆದಿದ್ದ ಗುಲಾಮನ ಹೆಸರು ಅದು. ಮಾರಲ್ಪಟ್ಟವರ ವಂಶಸ್ಥರಿಗೆ ಪ್ರವೇಶದಲ್ಲಿ ಆದ್ಯತೆ ಕೊಡುವುದಾಗಿ ಹಿಂದಿನ ವರ್ಷವೇ ಸಾರಿದ್ದರು. ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಗೆ ಸುಪ್ರೀಂ ಕೋರ್ಟು 2023ರಲ್ಲಿ ತಡೆ ಹಾಕಿತು. ಹಾಗಾಗಿ ಪಠ್ಯ, ಬೋಧಕರು, ಶುಲ್ಕದ ನೆರವು ಇವುಗಳ ಮೇಲೆ ಹಳೆಯ ಅನ್ಯಾಯ ಸರಿಪಡಿಸುವ ಹೊರೆ ಈಗ ಹೆಚ್ಚಾಗಿದೆ.

ಇನ್ನು, ನಮ್ಮ ಪತ್ರಿಕೆಯಲ್ಲಿ ಜಾಗ ಯಾಕೆ ಎಂದಿರಿ. 1937ರ ಜನವರಿಯಲ್ಲಿ ಮೈಸೂರಿನಲ್ಲಿ ವೈ.ಎಂ.ಸಿ.ಎ. ವಿಶ್ವ ಸಮ್ಮೇಳನ ನಡೆಯಿತು. ಅಮೆರಿಕದ ಹೊವಾರ್ಡ್ ವಿಶ್ವವಿದ್ಯಾಲಯದ ಕಪ್ಪುಜನಾಂಗದ ವಿದ್ವಾಂಸ ಬೆಂಜಮಿನ್ ಮೇಸ್ ಬಂದಿದ್ದರು. ಮುಂದೆ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾಗಿ ಮಾರ್ಟಿನ್ ಲೂಥರ್ ಕಿಂಗ್‌ಗೆ ಗುರುವಾದವರು. ಆ ಪ್ರವಾಸದಲ್ಲಿ 'ಅಸ್ಪೃಶ್ಯ' ಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯರು ಅವರನ್ನು ಕರೆದು, ದೊಡ್ಡ ಹೆಸರು ಮಾಡಿದ ಅಸ್ಪೃಶ್ಯರೊಬ್ಬರು ಎಂದೇ ಮಕ್ಕಳಿಗೆ ಪರಿಚಯಿಸಿದರು. ಮೇಸ್‌ಗೆ ಮೊದಲು ಸಿಟ್ಟು ಬಂತಂತೆ. ಬೇಗನೆ ಇಳಿಯಿತು: ತನ್ನ ನಾಡಿನಲ್ಲಿ ತಾನೂ ಅದೇ ಅಲ್ಲವೇ ಎಂದು ಹೊಳೆಯಿತು.

ಮೇಸ್ ಅವರ ಈ ಕಥೆಯನ್ನು ಮುಂದೆ ವಿವರವಾಗಿ ಪ್ರಕಟಿಸುತ್ತೇವೆ. ಆಗಸ್ಟ್ ಸಂಚಿಕೆಯಲ್ಲಿ.

– ಸಂಪಾದಕ