ಹಂಪ್ ದಾಟಿದಾಗ ಕುಣಿಯುವ ಎಂಜಿಬಿ

ಪ್ರಶ್ನೆ: ನನ್ನ ಹತ್ತಿರ 1970ರ ಎಂಜಿಬಿ ರೋಡ್‌ಸ್ಟರ್ (ಬ್ರಿಟನ್ನಿನ ಎರಡು ಸೀಟಿನ ತೆರೆದ ಕಾರು) ಇದೆ. ಮುಂಬೈಯಲ್ಲಿದ್ದ ದೊಡ್ಡಪ್ಪ ಕೊಟ್ಟದ್ದು. ಹಂಪ್ ದಾಟಿದರೆ ಹಿಂಬದಿ ಎರಡು ಮೂರು ಸಲ ಕುಣಿಯುತ್ತದೆ. ಡ್ರೈವರ್ ಬದಿ ಸ್ವಲ್ಪ ಕೂತಿದೆ. ಇಬ್ಬರು ಕೂತು ಹೊರಟರೆ ಅಡಿಯಲ್ಲಿ ಢಬ್ ಅಂತ ಶಬ್ದ ಬರುತ್ತದೆ. ಹಳೆ ಲಿವರ್ ಶಾಕ್ (ಎಣ್ಣೆ ಡಬ್ಬಿಗೆ ತೋಳು ಇರುವಂಥದ್ದು) ತೆಗೆದು ಗಟ್ಟಿ ಟೆಲಿಸ್ಕೋಪಿಕ್ ಶಾಕ್ (ಕೊಳವೆಯಂಥದ್ದು) ಹಾಕು, ಗಾಡಿಯನ್ನು ಒಂದು ಇಂಚು ಇಳಿಸು ಅಂತ ಗೆಳೆಯರು ಹೇಳುತ್ತಾರೆ. ಹಾಕಿಸಬಹುದೇ ಸರ್?
– ಓದುಗರು, ಬ್ರಹ್ಮಾವರ

ಉತ್ತರ: ದಯವಿಟ್ಟು ಈಗಲೇ ಏನನ್ನೂ ಕೊಳ್ಳಬೇಡಿ. ನೀವು ಹೇಳಿದ ಮೂರು ತೊಂದರೆಗಳಲ್ಲಿ ಕುಣಿತ ಮಾತ್ರ ಶಾಕ್‌ನದು. ಒಂದು ಬದಿ ಕೂತಿರುವುದು, ಢಬ್ ಅನ್ನುವುದು, ಇವೆರಡಕ್ಕೂ ಮೊದಲು ಸ್ಪ್ರಿಂಗ್ ನೋಡಬೇಕು. ಗಾಡಿಯ ಭಾರ ಹೊರುವುದು ಸ್ಪ್ರಿಂಗ್. ಅದು ಕುಣಿಯುತ್ತಲೇ ಇರದಂತೆ ತಡೆಯುವುದು ಶಾಕ್. ಸೋತ ಸ್ಪ್ರಿಂಗ್‌ಗೆ ಗಟ್ಟಿ ಶಾಕ್ ಕಟ್ಟಿದರೆ ಇನ್ನೊಂದು ತೊಂದರೆ ಶುರುವಾಗುತ್ತದೆ. ಒಂದರ ಹಿಂದೆ ಒಂದು ಗುಂಡಿ ಬಂದಾಗ ಸ್ಪ್ರಿಂಗ್ ಪೂರ್ತಿ ಮೇಲೆ ಬರುವ ಮೊದಲೇ ಮುಂದಿನ ಪೆಟ್ಟು ಬೀಳುತ್ತದೆ. ಗಾಡಿ ಹಂತ ಹಂತವಾಗಿ ಕೆಳಗೆ ಕೂರುತ್ತಾ ಹೋಗಿ, ಕೊನೆಗೆ ಆಕ್ಸಲ್ ಮೇಲಿನ ರಬ್ಬರ್ ಸ್ಟಾಪ್‌ಗೆ ಬಡಿಯುತ್ತದೆ. ಮಳೆಗಾಲ ಮುಗಿದ ಮೇಲೆ ನಮ್ಮ ಒಳರಸ್ತೆಗಳು ಹೇಗಿರುತ್ತವೆ ಅಂತ ನಿಮಗೇ ಗೊತ್ತಲ್ವಾ?

ಮೊದಲು ಅಳತೆ ಮಾಡಿ. ಸಮತಟ್ಟಾದ ಸಿಮೆಂಟ್ ನೆಲದಲ್ಲಿ ನಿಲ್ಲಿಸಿ, ನಾಲ್ಕೂ ಟಯರಿನ ಗಾಳಿ ಸರಿ ಮಾಡಿ, ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ಉರುಳಿಸಿ ಬಿಡಿ. ಆಮೇಲೆ ಚಕ್ರದ ನಡುಮಧ್ಯದಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿಯಿರಿ. ನಾಲ್ಕೂ ಕಡೆ ಬರೆದಿಡಿ. ಹಿಂದಿನ ಎಡ ಬಲಕ್ಕೆ ಅರ್ಧ ಇಂಚಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಸುಮ್ನೆ ಬಿಡುವ ಹಾಗಿಲ್ಲ.

ಆದರೆ ಹಿಂದೆ ವಾಲಿದೆ ಅಂದ ಮಾತ್ರಕ್ಕೆ ತಪ್ಪು ಹಿಂದಿನ ಸ್ಪ್ರಿಂಗ್‌ನದೇ ಆಗಬೇಕಿಲ್ಲ. ಎಂಜಿಬಿಗೆ ಬೇರೆ ಛಾಸಿ ಇಲ್ಲ, ಬಾಡಿಯೇ ಛಾಸಿ. ಮುಂದಿನ ಒಂದು ಕಾಯಿಲ್ ಸ್ಪ್ರಿಂಗ್ ಸೋತಿದ್ದರೂ ಹಿಂದೆ ವಾಲಿದಂತೆ ಕಾಣುತ್ತದೆ. ಇದಕ್ಕೆ ಸುಲಭದ ಪರೀಕ್ಷೆ ಇದೆ. ಮುಂದಿನ ಕ್ರಾಸ್ ಮೆಂಬರ್‌ನ (ಮುಂದಿನ ಚಕ್ರಗಳ ನಡುವಿನ ಅಡ್ಡ ತೊಲೆಯ) ನಟ್ಟನಡುವೆ ಜ್ಯಾಕ್ ಕೊಟ್ಟು, ಮುಂದಿನ ಎರಡೂ ಚಕ್ರ ನೆಲ ಬಿಡುವಷ್ಟು ಮಾತ್ರ ಎತ್ತಿ. ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟಿರಬೇಕು. ಗಾಡಿಯ ಅಡಿಗೆ ಯಾರೂ ಹೋಗಬಾರದು. ಈಗ ಹಿಂಬದಿ ನೇರವಾಯಿತೋ, ತಪ್ಪು ಮುಂದಿನದು. ಹಾಗೇ ವಾಲಿಕೊಂಡಿತೋ, ಹಿಂದಿನ ಬ್ಲೇಡ್ ಸೆಟ್‌ನದು, ಅಂದರೆ ಉಕ್ಕಿನ ಬ್ಲೇಡುಗಳನ್ನು ಒಂದರ ಮೇಲೊಂದು ಜೋಡಿಸಿದ ಹಿಂದಿನ ಸ್ಪ್ರಿಂಗ್‌ನದು. ನಿಮ್ಮ ಗಾಡಿಯಲ್ಲಿ ಡ್ರೈವರ್ ಬದಿಯ ಬ್ಲೇಡ್ ಸೋತಿರುವ ಸಾಧ್ಯತೆಯೇ ಜಾಸ್ತಿ. ಒಬ್ಬರೇ ಓಡಿಸುವ ಎರಡು ಸೀಟಿನ ಗಾಡಿ, ಇಷ್ಟು ವರ್ಷ ಭಾರವೆಲ್ಲ ಆ ಬದಿಗೇ ಬಿದ್ದಿದೆ.

ಬ್ಲೇಡ್ ಸೆಟ್ ಬಿಚ್ಚುವ ಮೊದಲು ಒಂದು ಸ್ಕ್ರೂಡ್ರೈವರ್ ಹಿಡಿದು ಅದರ ಮುಂದಿನ ಕೊನೆ ಬಾಡಿಗೆ ಸೇರುವ ಜಾಗವನ್ನು ಕುಟ್ಟಿ ನೋಡಿ. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಸಮುದ್ರದ ಉಪ್ಪುಗಾಳಿ, ಕೆಸರು, ನಾಲ್ಕು ತಿಂಗಳ ಮಳೆ, ಎಲ್ಲ ಹೋಗಿ ಕೂರುವುದು ಅಲ್ಲೇ. ತಗಡು ಒಳಗೆ ಹೋಯಿತು ಅಂದರೆ ಸ್ಪ್ರಿಂಗ್, ಶಾಕ್ ಎಲ್ಲ ಆಮೇಲೆ. ಮೊದಲು ವೆಲ್ಡಿಂಗ್.

ಬ್ಲೇಡ್ ಎರಡೂ ಬದಿಗೆ ಹೊಸದನ್ನೇ ಹಾಕಿ, ಒಂದೇ ಬದಿಗೆ ಬೇಡ. ತರಿಸುವಾಗ ಕ್ರೋಮ್ ಬಂಪರ್ ಗಾಡಿ ಅಂತ ಹೇಳಿ. 1974ರ ಕೊನೆಗೆ ಬಂದ ಕಪ್ಪು ರಬ್ಬರ್ ಬಂಪರಿನ ಎಂಜಿಬಿಗಳು ಎತ್ತರ, ಅವುಗಳ ಸ್ಪ್ರಿಂಗ್ ನಿಮ್ಮದಕ್ಕೆ ಸರಿಯಲ್ಲ. ಹಳೆಯದನ್ನೇ ಬಾಗಿಸುವುದಾದರೆ ಬಿರುಕಿಲ್ಲ ಎಂದು ಖಚಿತ ಮಾಡಿಕೊಂಡು, ತಣ್ಣಗಿರುವಾಗಲೇ ಬಡಿದು ಬಾಗಿಸುವವರ ಹತ್ತಿರ ಹೋಗಿ. ಬೈಕಂಪಾಡಿ ಕಡೆ ಲಾರಿ ಕೆಲಸದವರಲ್ಲಿ ವಿಚಾರಿಸಿ. ಗ್ಯಾಸ್ ಬೆಂಕಿ ಹಿಡಿದು ಬಾಗಿಸಿದರೆ ಉಕ್ಕಿನ ಹದ ಹೋಗುತ್ತದೆ, ಬೇಗನೆ ಮತ್ತೆ ಕೂರುತ್ತದೆ.

ಒಂದು ಬ್ಲೇಡ್ ಜಾಸ್ತಿ ಹಾಕಿಕೊಡ್ತೇನೆ ಅಂದರೆ ಖಂಡಿತ ಒಪ್ಪಬೇಡಿ. ನಾನು ಕೆಲಸ ಕಲಿತದ್ದು ಮಂಗಳೂರಿನ ಬಸ್ ಗ್ಯಾರೇಜಿನಲ್ಲಿ. ಬಸ್ಸಿಗೆ ಅದು ಸರಿ. ಇದು ಸಾವಿರ ಕಿಲೋದ ಆಸುಪಾಸಿನ ಗಾಡಿ. ಹಿಂದೆ ಮಾತ್ರ ಗಟ್ಟಿಯಾದರೆ ತಿರುವಿನಲ್ಲಿ ಹಿಂದಿನ ಟಯರುಗಳು ಮೊದಲು ಹಿಡಿತ ಬಿಡುತ್ತವೆ. ಆಗುಂಬೆಯ 14 ತಿರುವುಗಳಲ್ಲಿ, ಅದೂ ಮಳೆಯಲ್ಲಿ, ಹಿಂಬದಿ ಜಾರುವ ಗಾಡಿ ನಿಮಗೆ ಬೇಡ.

ಫಿಟ್ ಮಾಡುವಾಗ ಬ್ಲೇಡ್ ಸೆಟ್‌ನ ಮುಂದಿನ ಕಣ್ಣಿನ (ತುದಿಯ ತೂತಿನ) ಬೋಲ್ಟನ್ನು ಜ್ಯಾಕ್ ಮೇಲೆ ಇರುವಾಗ ಪೂರ್ತಿ ಬಿಗಿ ಮಾಡಬಾರದು. ತುಂಬ ಕಡೆ ಹಾಗೇ ಮಾಡಿ ಕಳಿಸುತ್ತಾರೆ. ಅಲ್ಲಿರುವ ಬುಷ್‌ನ ರಬ್ಬರ್ ಎರಡೂ ಕಡೆ ಲೋಹಕ್ಕೆ ಅಂಟಿಕೊಂಡಿದೆ. ಚಕ್ರ ನೇತಾಡುವಾಗ ಬಿಗಿ ಮಾಡಿದರೆ, ಗಾಡಿ ಕೆಳಗಿಳಿದ ಕೂಡಲೇ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಎತ್ತರ ಸರಿ ಬರುವುದಿಲ್ಲ, ಬುಷ್ ಬೇಗ ಹರಿಯುತ್ತದೆ. ಸುಮ್ಮನೆ ಸೇರಿಸಿ, ಗಾಡಿಯನ್ನು ಚಕ್ರದ ಮೇಲೆ ನಿಲ್ಲಿಸಿ, ಭಾರ ಬಿದ್ದ ಮೇಲೆ ಬಿಗಿ ಮಾಡಿ. ಸ್ವಲ್ಪ ದಿನ ಓಡಿಸಿ, ಬ್ಲೇಡ್ ಸೆಟ್ಟನ್ನು ಆಕ್ಸಲಿಗೆ ಕಟ್ಟುವ ಯು-ಬೋಲ್ಟ್‌ಗಳನ್ನು ಮತ್ತೊಮ್ಮೆ ನೋಡಿ.

ಇಷ್ಟಾದ ಮೇಲೆ ಶಾಕ್. ಲಿವರ್ ಶಾಕ್ ಹಳೆಯದು ಅಂತ ಬಿಸಾಡಬೇಡಿ. ಕೆಳಗಿನ ಲಿಂಕ್ ಬಿಚ್ಚಿ, ತೋಳನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ಇಡೀ ದಾರಿಯಲ್ಲಿ ಒಂದೇ ಸಮನಾದ ತಡೆ ಸಿಗಬೇಕು. ನಡುವೆ ಎಲ್ಲೋ ಸಡಿಲ ಸಿಕ್ಕಿದರೆ ಎಣ್ಣೆ ಕಡಿಮೆ ಇದೆ, ಇಲ್ಲವೇ ಗಾಳಿ ಸೇರಿದೆ. ಎಣ್ಣೆ ತುಂಬಿ ಆಡಿಸಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ತೋಳಿನ ಶಾಫ್ಟ್ ಹತ್ತಿರ ಒದ್ದೆ ಇದ್ದರೆ ಮಾತ್ರ ಬಿಚ್ಚಿ ಸೀಲ್ ಬದಲಿಸಬೇಕು. ಲಿಂಕ್‌ನ ಎರಡೂ ತುದಿಯ ರಬ್ಬರ್ ಸವೆದಿದ್ದರೆ ಅದನ್ನೂ ಬದಲಿಸಿ. ಅಲ್ಲಿ ಆಟ ಇದ್ದರೆ ಒಳ್ಳೆ ಶಾಕ್ ಕೂಡ ಸಣ್ಣ ಪೆಟ್ಟುಗಳನ್ನು ತಡೆಯಲಾರದು.

ಆಮೇಲೂ ಟೆಲಿಸ್ಕೋಪಿಕ್ಕೇ ಬೇಕು ಅನಿಸಿದರೆ ಅಡ್ಜಸ್ಟ್ ಮಾಡುವಂಥದ್ದನ್ನು ತನ್ನಿ. ಹಾಕುವಾಗ ಎರಡು ವಿಷಯ ಗಮನಿಸಿ. ಆಕ್ಸಲ್ ಪೂರ್ತಿ ಕೆಳಗಿಳಿದಾಗ ತಡೆಯಬೇಕಾದದ್ದು ಗಾಡಿಯಲ್ಲೇ ಇರುವ ಪಟ್ಟಿ, ಶಾಕ್ ಅಲ್ಲ. ಪೂರ್ತಿ ಮೇಲೆ ಬಂದಾಗ ಮೊದಲು ತಾಗಬೇಕಾದದ್ದು ರಬ್ಬರ್ ಸ್ಟಾಪ್. ಇದು ತಪ್ಪಿದರೆ ಬ್ರಾಕೆಟ್ ಕಿತ್ತು ಬರುತ್ತದೆ. ಶುರುವಿಗೆ ಎರಡೂ ಬದಿ ಅತಿ ಮೆದು ಸ್ಥಾನದಲ್ಲಿಡಿ. ಬಾರ್ಕೂರು ಕಡೆಯ ರಸ್ತೆಯಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಹಂಪ್, ಒಂದು ತಿರುವು ಆರಿಸಿಕೊಳ್ಳಿ. ಒಂದೊಂದೇ ಕ್ಲಿಕ್ ಏರಿಸಿ, ಅಲ್ಲೇ ಅದೇ ವೇಗದಲ್ಲಿ ಓಡಿಸಿ. ಹಂಪ್ ಆದ ಮೇಲೆ ಒಂದು ಸಲ ಎದ್ದು ಕೂತರೆ ಸಾಕು, ಅಲ್ಲಿಗೇ ನಿಲ್ಲಿಸಿ. ಅದಕ್ಕಿಂತ ಏರಿಸಿದರೆ ಹಾಳು ರಸ್ತೆಯಲ್ಲಿ ಆಕ್ಸಲ್ ಪುಟಿಯುತ್ತದೆ, ಟಯರ್ ನೆಲ ಬಿಡುತ್ತದೆ.

ಒಂದು ಇಂಚು ಇಳಿಸುವುದು ಬೇಡವೇ ಬೇಡ. ಈಗಲೇ ಢಬ್ ಅನ್ನುತ್ತಿದೆ. ಆ ರಬ್ಬರಿಗೂ ಆಕ್ಸಲಿಗೂ ನಡುವೆ ಇರುವ ಜಾಗವೇ ಕಡಿಮೆ, ಅದರಲ್ಲೂ ಒಂದು ಇಂಚು ಕೊಟ್ಟುಬಿಟ್ಟರೆ ಏನು ಉಳಿಯುತ್ತದೆ?

ಪ್ರಶ್ನೆ: ಲಿವರ್ ಶಾಕ್‌ಗೆ ಇಂಜಿನ್ ಆಯಿಲ್ ಹಾಕಬಹುದೇ?
– ಓದುಗರು, ಕಾರ್ಕಳ

ಉತ್ತರ: 20ಡಬ್ಲ್ಯೂ-50 ಇಂಜಿನ್ ಆಯಿಲ್ ತೀರಾ ದಪ್ಪ, ಬೇಡ. ಬ್ರೇಕ್ ಆಯಿಲ್ ಅಂತೂ ಮುಟ್ಟಲೇಬೇಡಿ, ಸೀಲ್ ಹಾಳಾಗುತ್ತದೆ. ಲಿವರ್ ಶಾಕ್‌ನ ಎಣ್ಣೆಯೇ ಸಿಕ್ಕಿದರೆ ಒಳ್ಳೆಯದು. ಸಿಗದಿದ್ದರೆ ಬೈಕಿನ 20 ನಂಬರ್ ಫೋರ್ಕ್ ಆಯಿಲ್ ಹಾಕಿ. ಮುಚ್ಚಳ ಬಿಚ್ಚುವ ಮೊದಲು ಸುತ್ತಲೂ ಬ್ರಷ್ ಹಾಕಿ ಚೆನ್ನಾಗಿ ಒರೆಸಿ, ಒಂದು ಮರಳಿನ ಕಣ ಒಳಗೆ ಹೋದರೂ ವಾಲ್ವ್ ಕೆಲಸ ಮಾಡುವುದಿಲ್ಲ. ತುಂಬುತ್ತಾ ತೋಳನ್ನು ಆಡಿಸುತ್ತಿರಿ, ಗುಳ್ಳೆ ಬರುವುದು ನಿಂತ ಮೇಲೆ ಮುಚ್ಚಳ ಹಾಕಿ.