ಜನರೇ ಇಲ್ಲದ ಹರ್ಡ್ ದ್ವೀಪದಲ್ಲಿ ನಿಜಕ್ಕೂ ಏನಿದೆ?

2025ರ ಏಪ್ರಿಲ್‌ನಲ್ಲಿ ಅಮೆರಿಕ ಹೊರಡಿಸಿದ ಸುಂಕದ ಪಟ್ಟಿಯಲ್ಲಿ ಹರ್ಡ್ ಮತ್ತು ಮ್ಯಾಕ್‌ಡೊನಾಲ್ಡ್ ದ್ವೀಪಗಳ ಹೆಸರೂ ಇತ್ತು. ಪೆಂಗ್ವಿನ್‌ಗಳಿಗೂ ಸುಂಕವೇ ಎಂದು ಲೋಕವೆಲ್ಲ ನಕ್ಕಿತು, ಆಮೇಲೆ ಮರೆತೂಬಿಟ್ಟಿತು. ನೀವು ಮಾತ್ರ ಅಲ್ಲಿನ ನೆಲ ಎಂಥದು, ಯಾವ ಜೀವಿಗಳಿವೆ, ಹೋಗಿ ನೋಡಲು ಆಗುತ್ತದೆಯೇ ಎಂದು ಕೇಳಿದ್ದೀರಿ. ಓದಿ ಖುಷಿಯಾಯಿತು. ನಾನು ಅಲ್ಲಿಗೆ ಹೋದವನಲ್ಲ. ಉತ್ತರ ಕನ್ನಡದ ಪ್ರೌಢಶಾಲೆಯೊಂದರಲ್ಲಿ ಭೂಗೋಳ ಪಾಠ ಮಾಡುತ್ತೇನೆ, ಈ ದ್ವೀಪದ ಬಗ್ಗೆ ಸಿಕ್ಕಿದ್ದನ್ನೆಲ್ಲ ವರ್ಷಗಳಿಂದ ಓದುತ್ತಾ ಬಂದಿದ್ದೇನೆ.

ಮೊದಲು ನಕಾಶೆ ತೆಗೆಯಿರಿ. ಕಾರವಾರ ಇರುವುದು 74 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಹರ್ಡ್ ಇರುವುದು ಎದುರಿನ ಕಡಲಿನ ಮೇಲೆ ಹಾದುಹೋಗುವ ಎಪ್ಪತ್ಮೂರೂವರೆಯಲ್ಲಿ. ಆ ಗೆರೆ ಹಿಡಿದು ದಕ್ಷಿಣಕ್ಕೆ ಬೆರಳು ಎಳೆಯುತ್ತಾ ಹೋದರೆ ಮಾಲ್ಡೀವ್ಸ್‌ನ ಮಾಲೆ ಸಿಗುತ್ತದೆ. ಸಮಭಾಜಕ ವೃತ್ತ ದಾಟಿದ ಸ್ವಲ್ಪದರಲ್ಲೇ ಮಾಲ್ಡೀವ್ಸ್‌ನ ಕೊನೆಯ ದ್ವೀಪಗಳೂ ಹಿಂದೆ ಬೀಳುತ್ತವೆ. ಆಮೇಲೆ ಬರೀ ನೀರು. 53 ಡಿಗ್ರಿ ದಕ್ಷಿಣ ಅಕ್ಷಾಂಶದ ಹತ್ತಿರ ಬೆರಳಿಗೆ ತಾಗುವುದೇ ಹರ್ಡ್. ಕಾರವಾರದಿಂದ ಸುಮಾರು ಏಳೂವರೆ ಸಾವಿರ ಕಿಲೋಮೀಟರ್. ತರಗತಿಯಲ್ಲಿ ಮಕ್ಕಳ ಬೆರಳು ಹಿಡಿದು ಹೀಗೆ ಎಳೆಸುತ್ತೇನೆ. ನಮ್ಮ ಕಡಲಿನದೇ ಇನ್ನೊಂದು ತುದಿ ಅದು ಎಂದಾಗ ಅವರ ಕಣ್ಣು ಅರಳುವುದನ್ನು ನೋಡಬೇಕು.

ದ್ವೀಪ ಆಸ್ಟ್ರೇಲಿಯಾದ್ದು. 368 ಚದರ ಕಿಲೋಮೀಟರ್ ವಿಸ್ತಾರ, ನಟ್ಟ ನಡುವೆ ಬಿಗ್ ಬೆನ್ ಎಂಬ ಜೀವಂತ ಜ್ವಾಲಾಮುಖಿ. ಅದರ ತುದಿ ಮಾಸನ್ ಶಿಖರ 2,745 ಮೀಟರ್, ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ 800 ಮೀಟರ್ ಹೆಚ್ಚು. ಆಸ್ಟ್ರೇಲಿಯಾದ ಮುಖ್ಯ ಭೂಭಾಗದಲ್ಲೂ ಅಷ್ಟು ಎತ್ತರದ ಬೆಟ್ಟವಿಲ್ಲ. ಮೈತುಂಬ ಹಿಮನದಿ ಹೊದ್ದುಕೊಂಡಿರುವ ಬೆಟ್ಟದ ಬಾಯಿಂದ ಲಾವಾ ಇಳಿಯುವುದನ್ನು 2016ರಲ್ಲಿ ಸಂಶೋಧನಾ ಹಡಗಿನಲ್ಲಿದ್ದವರು ಕಣ್ಣಾರೆ ಕಂಡರು. ಹಿಮನದಿಗಳು ಮಾತ್ರ ಕರಗುತ್ತಿವೆ. 1947ರಲ್ಲಿದ್ದ ಹಿಮದಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಈಗಿಲ್ಲ. ಹೊಗೆ ಉಗುಳುವ ಒಂದು ಕಾರ್ಖಾನೆಯಾಗಲಿ ಓಡುವ ಒಂದು ಗಾಡಿಯಾಗಲಿ ಇಲ್ಲದ ಜಾಗ ಅದು.

ಅಲ್ಲಿ ಮರಗಳಿಲ್ಲ. ಗಾಳಿ ಬಿಡುವುದೇ ಇಲ್ಲ. ಅಜೊರೆಲ್ಲಾ ಎಂಬ ಗಿಡ ಹಸಿರು ದಿಂಬಿನಂತೆ ನೆಲಕ್ಕೆ ಒತ್ತಿಕೊಂಡು ಬೆಳೆಯುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನೆರೆಯ ಕೆರ್ಗುಲೆನ್ ದ್ವೀಪದ ಹೆಸರು ಹೊತ್ತ ಕೆರ್ಗುಲೆನ್ ಕೋಸು. ಆ ಗಾಳಿಯಲ್ಲಿ ರೆಕ್ಕೆ ಬಿಚ್ಚಿದ ಹುಳ ಕಡಲು ಪಾಲಾಗುತ್ತದೆ, ಹಾಗಾಗಿ ಅಲ್ಲಿನ ಹಲವು ಕೀಟಗಳು ಹಾರುವುದನ್ನೇ ಬಿಟ್ಟಿವೆ. ಈ ಕೋಸಿನ ಮೇಲೆ ಬದುಕುವ ನೊಣಕ್ಕಂತೂ ರೆಕ್ಕೆಯೇ ಇಲ್ಲ. ಹಾರಿ ಬಂದು ಪರಾಗ ಒಯ್ಯುವವರಿಲ್ಲದ ಮೇಲೆ ಕೋಸೂ ಆ ಕೆಲಸವನ್ನು ಗಾಳಿಗೇ ಒಪ್ಪಿಸಿದೆ. ಹಿಂದಿನ ನಾವಿಕರು ವಿಟಮಿನ್ ಸಿ ಕೊರತೆಯ ಕಾಯಿಲೆಯಾದ ಸ್ಕರ್ವಿ ಬಾರದಿರಲೆಂದು ಇದನ್ನು ತಿನ್ನುತ್ತಿದ್ದರು.

ಪ್ರಾಣಿಗಳ ವಿಷಯಕ್ಕೆ ಬಂದರೆ, ಹರ್ಡ್‌ನ ಕಥೆ ಸುಖದ್ದಲ್ಲ. 1853ರಲ್ಲಿ ಬಾಸ್ಟನ್‌ನಿಂದ ಮೆಲ್ಬರ್ನ್‌ಗೆ ಹೊರಟಿದ್ದ ಕ್ಯಾಪ್ಟನ್ ಜಾನ್ ಹರ್ಡ್ ಈ ದ್ವೀಪವನ್ನು ಕಂಡರು. ಎರಡೇ ವರ್ಷದಲ್ಲಿ ಸೀಲ್ ಬೇಟೆಗಾರರು ಬಂದಿಳಿದರು. ಒಂದು ಹಂತದಲ್ಲಿ ಸುಮಾರು 200 ಜನ ಕತ್ತಲ ಗುಡಿಸಲುಗಳಲ್ಲಿ ಬದುಕುತ್ತಾ ಆನೆ ಸೀಲ್‌ಗಳನ್ನು ಕೊಂದು ಕೊಬ್ಬು ಕಾಯಿಸಿ ಎಣ್ಣೆ ತೆಗೆದರು. ಒಂದು ಲಕ್ಷಕ್ಕೂ ಹೆಚ್ಚು ಪೀಪಾಯಿ ಎಣ್ಣೆ ಹೋಯಿತು. 1880ರ ಹೊತ್ತಿಗೆ ಕೊಲ್ಲಲು ಸೀಲ್‌ಗಳೇ ಉಳಿಯದೆ ಅವರೂ ಹೊರಟುಹೋದರು.

ಆಮೇಲೆ ನಡೆದದ್ದಕ್ಕಾಗಿಯೇ ನಾನು ಈ ದ್ವೀಪವನ್ನು ಇಷ್ಟು ಹಚ್ಚಿಕೊಂಡಿರುವುದು. ಜೀವಿಗಳು ತಾವಾಗಿ ವಾಪಸು ಬಂದವು. 1940ರ ದಶಕದ ಕೊನೆಗೆ ಕೈಬೆರಳಲ್ಲಿ ಎಣಿಸುವಷ್ಟಿದ್ದ ಕಿಂಗ್ ಪೆಂಗ್ವಿನ್ ಜೋಡಿಗಳು ಈ ಶತಮಾನದ ಆರಂಭಕ್ಕೆ ಹತ್ತಾರು ಸಾವಿರವಾದವು. ತುಪ್ಪಳದ ಸೀಲ್‌ಗಳು ಮತ್ತೆ ದಡ ತುಂಬಿದವು. ಮ್ಯಾಕರೋನಿ ಪೆಂಗ್ವಿನ್‌ಗಳು ಲಕ್ಷಗಟ್ಟಲೆ ಇವೆ. ಜೆಂಟೂ, ರಾಕ್‌ಹಾಪರ್ ಪೆಂಗ್ವಿನ್‌ಗಳೂ ಕಪ್ಪು ಹುಬ್ಬಿನ ಆಲ್ಬಟ್ರಾಸ್‌ಗಳೂ ಇಲ್ಲಿ ಮರಿ ಮಾಡುತ್ತವೆ. ಹರ್ಡ್ ಬಿಟ್ಟು ಬೇರೆಲ್ಲೂ ಗೂಡು ಕಟ್ಟದ ಒಂದು ನೀರುಕಾಗೆಯೂ ಇದೆ.

ಇದೆಲ್ಲ ಸಾಧ್ಯವಾದದ್ದು ಇಲಿ ಬೆಕ್ಕುಗಳು ಇಲ್ಲಿ ನೆಲೆಯೂರದ ಕಾರಣಕ್ಕೆ. 450 ಕಿಲೋಮೀಟರ್ ಆಚೆಯ ಕೆರ್ಗುಲೆನ್‌ನಲ್ಲಿ ಮೊಲ, ಬೆಕ್ಕು, ಇಲಿ ಮೂರೂ ಸೇರಿ ಗಿಡಗಳನ್ನೂ ಹಕ್ಕಿಗಳನ್ನೂ ಗೋಳಾಡಿಸಿವೆ. ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗೆ ಒಂದು ಬಸುರಿ ಇಲಿ ಸಾಕು. ಆದ್ದರಿಂದ ಹರ್ಡ್‌ನಲ್ಲಿ ಇಳಿಯುವ ವಿಜ್ಞಾನಿಗಳು ಬೂಟಿನ ಅಡಿಯ ಮಣ್ಣನ್ನೂ ಬಟ್ಟೆಗೆ ಅಂಟಿದ ಬೀಜವನ್ನೂ ಹೆಕ್ಕಿ ತೆಗೆದೇ ಕಾಲಿಡುತ್ತಾರೆ. 1997ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ತಾಣವಾಗಿಸಿತು.

ಇಷ್ಟು ಕಾದರೂ 2025ರ ಕೊನೆಯಲ್ಲಿ ಅಲ್ಲಿನ ಆನೆ ಸೀಲ್‌ಗಳಲ್ಲಿ ಹಕ್ಕಿಜ್ವರ ದೃಢಪಟ್ಟಿತು. ಆ ಸುದ್ದಿ ಓದಿದ ದಿನ ನನಗೆ ಬೇರೆ ಕೆಲಸ ಕೈಹಿಡಿಯಲಿಲ್ಲ.

ಇನ್ನು ಹೋಗುವ ಮಾತು. ಬಂದರಿಲ್ಲ, ವಿಮಾನ ನಿಲ್ದಾಣವಿಲ್ಲ. ಆಸ್ಟ್ರೇಲಿಯಾ ಸರ್ಕಾರದ ಅನುಮತಿ ಬೇಕು. ಪಶ್ಚಿಮ ಆಸ್ಟ್ರೇಲಿಯಾದಿಂದ ನಾಲ್ಕು ಸಾವಿರ ಕಿಲೋಮೀಟರ್ ಒರಟು ಕಡಲಿನಲ್ಲಿ ಹತ್ತು ಹದಿನೈದು ದಿನ ಹಡಗಿನಲ್ಲಿರಬೇಕು. ಪಕ್ಕದ ಮ್ಯಾಕ್‌ಡೊನಾಲ್ಡ್ ದ್ವೀಪದಲ್ಲಂತೂ 1971 ಮತ್ತು 1980ರಲ್ಲಿ, ಎರಡೇ ಸಲ ಮನುಷ್ಯರು ಇಳಿದ ದಾಖಲೆಯಿದೆ. ನಾವು ಹೋಗದಿರುವುದೇ ಲೇಸು ಎನ್ನುವವನು ನಾನು. ನೋಡುವ ಆಸೆಯಿದ್ದರೆ ನಾಸಾದ ಉಪಗ್ರಹ ಚಿತ್ರಗಳಲ್ಲಿ ಈ ದ್ವೀಪವನ್ನು ಹುಡುಕಿ. ಹೊಳೆಯ ನಡುವಿನ ಬಂಡೆಯ ಹಿಂದೆ ನೀರು ಸುಳಿಯುತ್ತದಲ್ಲ, ಬಿಗ್ ಬೆನ್‌ನ ಹಿಂದೆ ಮೋಡಗಳು ಹಾಗೆಯೇ ಎಡಕ್ಕೊಂದು ಬಲಕ್ಕೊಂದು ಸುಳಿ ಸುತ್ತುತ್ತಾ ಬಹುದೂರ ಸಾಲಾಗಿ ಸಾಗುವುದು ಕಾಣಿಸುತ್ತದೆ.